ಟ್ರಕ್ ಟ್ಯೂನ್ ಆಗಬೇಕಾ, ಟ್ಯೂನಿಂಗ್ ಕಲಿಯಬೇಕಾ?

ಹೋದ ತಿಂಗಳು ಮೂರು ಜನ ಒಂದೇ ಪ್ರಶ್ನೆಯನ್ನು ಮೂರು ಥರ ಕೇಳಿದರು: ಎಂಜಿನ್ ನಡೆಸುವ ಕಂಪ್ಯೂಟರಿನ ಅಂಕಿಗಳನ್ನು ತಿದ್ದುವುದು, ಅಂದರೆ ಟ್ಯೂನಿಂಗ್, ಹೇಗೆ?

ಗ್ರ್ಯಾಂಡ್ ರಾಪಿಡ್ಸ್‌ನ ಗೆಳೆಯನ ಹತ್ತಿರ ಜಿಎಂ (ಜನರಲ್ ಮೋಟರ್ಸ್) ಕಂಪನಿಯ 2005ರ ಸಿಯೆರಾ ಪಿಕಪ್ ಇದೆ. ಪೆಟ್ರೋಲ್ ಗಾಡಿ. "ಎಂಜಿನ್ನನ್ನ ನಾನೇ ಲ್ಯಾಪ್‌ಟಾಪಿನಲ್ಲಿ ಟ್ಯೂನ್ ಮಾಡಬೇಕು ಕಣೋ, ಯಾವ ಸಾಫ್ಟ್‌ವೇರ್ ತಗೊಳ್ಳಲಿ?" ಅಂತ ಅವನ ಪ್ರಶ್ನೆ. ಡಾಲಸ್‌ನಲ್ಲಿರುವ ನನ್ನ ಷಡ್ಡಕನದ್ದು ಡ್ಯುರಾಮ್ಯಾಕ್ಸ್ ಅನ್ನುವ ಡೀಸೆಲ್ ಎಂಜಿನ್ ಇರುವ 2006ರ ಜಿಎಂ ಪಿಕಪ್. ದೋಣಿ ಹೇರಿದ ಟ್ರೇಲರ್ ಎಳೆಯುವಾಗ ಇನ್ನಷ್ಟು ಬಲ ಬೇಕಂತೆ. "ಭಾವ, ಇಮೇಲ್‌ನಲ್ಲೇ ಫೈಲ್ ಕಳಿಸ್ತಾರಂತಲ್ಲ, ಅಷ್ಟು ಸಾಕಾ?" ಮೂರನೆಯವರು ಕ್ಯಾಲಿಫೋರ್ನಿಯಾದ ಹಿರಿಯರೊಬ್ಬರು. ಮನೆಯಲ್ಲಿ 2015ರ ಸಿಲ್ವರಾಡೊ (ಅದೂ ಜಿಎಂ ಪಿಕಪ್ಪೇ) ಇದೆ, 17 ವರ್ಷದ ಮಗನಿದ್ದಾನೆ. ತಾನೂ ಟ್ಯೂನಿಂಗ್ ಕಲಿಯಬೇಕು ಅಂತ ಹುಡುಗ ವಿಡಿಯೊ ನೋಡಿ ನೋಡಿ ಹಟ ಹಿಡಿದಿದ್ದಾನೆ.

ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ. ಮಿಶಿಗನ್‌ನಲ್ಲಿ 2004ರ ಸಿಲ್ವರಾಡೊ ಇಟ್ಟುಕೊಂಡು ಐದು ವರ್ಷದಿಂದ ಅದರ ಕಂಪ್ಯೂಟರ್ ಜೊತೆ ಗುದ್ದಾಡುತ್ತಿರುವವನು. (ಇಲ್ಲಿ ಪಿಕಪ್ ಅಂದರೆ ಗಾಡಿ, ಊರಲ್ಲಿ ಪಿಕಪ್ ಅಂದರೆ ಗಾಡಿ ಎಷ್ಟು ಬೇಗ ಎಳೆಯುತ್ತದೆ ಅನ್ನುವುದು. "ನನ್ನ ಪಿಕಪ್‌ಗೆ ಪಿಕಪ್ಪೇ ಇಲ್ಲ" ಅಂತ ಷಡ್ಡಕ ಅಂದಾಗ ಎರಡು ನಿಮಿಷ ನಕ್ಕೆವು.)

ಪಂಪ್ ರೂಮಿನ ಸ್ಕ್ರೂ

ಚಿಕ್ಕವನಿದ್ದಾಗ ಸೋದರಮಾವನ ಲಾರಿ ಜೊತೆ ಪಂಪ್ ರೂಮಿಗೆ ಹೋಗುತ್ತಿದ್ದೆ. ಲಾರಿಯಲ್ಲಿ ಮೈಕೋ ಪಂಪ್. ಬಾಷ್‌ನ ಭಾರತದ ಕಂಪನಿಗೆ ಆಗ ಇದ್ದ ಹೆಸರು ಅದು, ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿ. ಪಂಪ್ ಬಿಚ್ಚಿ ಬೆಂಚಿಗೆ ಕಟ್ಟಿ, ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಬೀಳುತ್ತದೆ ಅಂತ ಗಾಜಿನ ಕೊಳವೆಗಳಲ್ಲಿ ಅಳೆಯುತ್ತಿದ್ದರು. ಆಗ ಮಾವ ಮೆಲ್ಲಗೆ, "ಸ್ವಲ್ಪ ಜಾಸ್ತಿ ಕೊಡಪ್ಪ" ಅನ್ನುತ್ತಿದ್ದರು. ಸ್ಕ್ರೂ ಒಂಚೂರು ತಿರುಗುತ್ತಿತ್ತು. ಘಾಟಿಯಲ್ಲಿ ಲಾರಿ ಜೋರಾಗಿ ಹತ್ತುತ್ತಿತ್ತು. ಹಿಂದೆ ಕಪ್ಪು ಹೊಗೆ. ತಿಂಗಳ ಕೊನೆಗೆ ಡೀಸೆಲ್ ಲೆಕ್ಕ ಬರೆಯುವಾಗ ಮಾವನ ಮುಖ ಸಪ್ಪೆ.

ಈಗಿನ ಟ್ಯೂನಿಂಗ್ ಕೂಡ ಇದೇ ಆಟ. ಸ್ಕ್ರೂ ಇದ್ದ ಜಾಗದಲ್ಲಿ ನೂರಾರು ಕೋಷ್ಟಕಗಳು ಬಂದಿವೆ. ಇಷ್ಟು ಆರ್‌ಪಿಎಂ, ಇಷ್ಟು ಭಾರ ಇದ್ದಾಗ ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ, ಸ್ಪಾರ್ಕ್ ಎಷ್ಟು ಮುಂಚೆ ಬೀಳಬೇಕು, ಗೇರ್ ಯಾವಾಗ ಬದಲಾಗಬೇಕು ಅಂತೆಲ್ಲ ಅದರಲ್ಲಿ ಬರೆದಿರುತ್ತದೆ. 1996ರಿಂದ ಅಮೆರಿಕದ ಎಲ್ಲ ಕಾರು, ಪಿಕಪ್‌ಗಳಿಗೆ ಸ್ಟೀರಿಂಗ್ ಕೆಳಗೆ ಓಬಿಡಿ ಪೋರ್ಟ್ ಇದೆ, ಅಂದರೆ ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಸಾಕೆಟ್. ಅಲ್ಲಿಗೆ ತಂತಿ ಚುಚ್ಚಿ ಕೋಷ್ಟಕಗಳನ್ನು ಓದುವುದು, ತಿದ್ದುವುದು, ಮತ್ತೆ ಬರೆಯುವುದು. ಬೆಂಗಳೂರಿನಲ್ಲಿ ಕೂತು ಇದೇ ಕೆಲಸವನ್ನು ಸಂಬಳಕ್ಕೆ ಮಾಡುವ ಕನ್ನಡಿಗರು ಬೇಕಾದಷ್ಟಿದ್ದಾರೆ. ಅವರ ಕೈಯಲ್ಲಿ ಇಂಕಾದಂಥ ದುಬಾರಿ ಸಾಫ್ಟ್‌ವೇರ್ ಇರುತ್ತದೆ, ಪರೀಕ್ಷೆಗೆ ಬೇರೆ ಎಂಜಿನ್‌ಗಳಿರುತ್ತವೆ. ನಮ್ಮ ಹತ್ತಿರ ಇರುವುದು ನಾಳೆ ಕೆಲಸಕ್ಕೆ ಹೋಗಬೇಕಾದ ಒಂದೇ ಗಾಡಿ.

ಯಾವುದರಿಂದ ಅಳೆಯುವುದು

ಬ್ರ್ಯಾಂಡ್ ಹೆಸರಿನಿಂದ ಶುರು ಮಾಡಬೇಡಿ. ಮೊದಲು ನಿಮ್ಮ ಗಾಡಿಯ ಕಂಪ್ಯೂಟರ್ ಯಾವುದು ನೋಡಿ. ಜಿಎಂನ ಪೆಟ್ರೋಲ್ ಪಿಕಪ್‌ಗಳಲ್ಲಿ 1999ರಿಂದ 2002ರವರೆಗೆ ಪಿ01, ಅದಾದ ಮೇಲೆ 2007ರ ಹಳೆ ಮಾದರಿಯವರೆಗೆ ಪಿ59. ನೀಲಿ ಮತ್ತು ಕೆಂಪು ಕನೆಕ್ಟರ್ ಇದ್ದರೆ ಪಿ01, ನೀಲಿ ಮತ್ತು ಹಸಿರು ಇದ್ದರೆ ಪಿ59. ಕಲಿಯುವವರಿಗೆ ಇವೆರಡಕ್ಕಿಂತ ಒಳ್ಳೆಯ ಸ್ಲೇಟು ಇಲ್ಲ. ಎಲ್ಲ ಸಾಫ್ಟ್‌ವೇರ್‌ಗೂ ಪರಿಚಯ ಇವೆ, ಕೆಟ್ಟರೆ ಗುಜರಿ ಯಾರ್ಡಿನಲ್ಲಿ ಇನ್ನೊಂದು ಸಿಗುತ್ತದೆ. ಹೊಸ ಗಾಡಿಗಳ ಕಥೆ ಬೇರೆ. 2017ರಿಂದ ಬಂದ ಡ್ಯುರಾಮ್ಯಾಕ್ಸ್‌ನಲ್ಲಿ ಕಂಪ್ಯೂಟರಿಗೇ ಬೀಗ ಹಾಕಿದ್ದಾರೆ. ಅದನ್ನು ತೆಗೆಸುವ ಖರ್ಚೇ ಒಂದು ಲೆಕ್ಕ.

ಎರಡನೆಯದು, ಹಿಂದಕ್ಕೆ ಬರುವ ದಾರಿ ಇದೆಯಾ? ಕಂಪನಿಯಿಂದ ಬಂದ ಮೂಲ ಫೈಲನ್ನು ಓದಿ ಇಟ್ಟುಕೊಳ್ಳಲು ಆಗದ ಉಪಕರಣ ಎಷ್ಟೇ ಅಗ್ಗವಾದರೂ ನನಗೆ ಬೇಡ.

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ: ಲಾಗ್. ಗಾಡಿ ಓಡುವಾಗ ಪ್ರತಿ ಸೆನ್ಸರ್ ಏನು ಹೇಳುತ್ತಿದೆ ಅಂತ ದಾಖಲಿಸಿ, ಮನೆಗೆ ಬಂದು ಕೂತು ಓದಲು ಆಗಬೇಕು. ಕೋಷ್ಟಕ ತಿದ್ದುವುದು ಹತ್ತು ನಿಮಿಷದ ಕೆಲಸ. ಯಾವ ಅಂಕಿಯನ್ನು, ಯಾಕೆ ತಿದ್ದಬೇಕು ಅನ್ನುವುದು ಲಾಗ್‌ನಿಂದ ಮಾತ್ರ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕದಲ್ಲಿ ಸಾಫ್ಟ್‌ವೇರ್ ಒಂದನ್ನೇ ಸೇರಿಸಬೇಡಿ. ಪೆಟ್ರೋಲ್ ಗಾಡಿಗೆ ವೈಡ್‌ಬ್ಯಾಂಡ್ ಮೀಟರ್ ಬೇಕು. ಗಾಡಿಯಲ್ಲಿ ಮೊದಲೇ ಇರುವ ಹಳೆಯ ಬಗೆಯ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಹೆಚ್ಚಾಯಿತು, ಕಡಿಮೆ ಆಯಿತು ಅಂತಷ್ಟೇ ಹೇಳುತ್ತದೆ. ಎಷ್ಟು ಅಂತ ಹೇಳುವುದು ವೈಡ್‌ಬ್ಯಾಂಡ್. ಅದಕ್ಕೆ ಸುಮಾರು 200 ಡಾಲರ್, ಜೊತೆಗೆ ಎಕ್ಸಾಸ್ಟ್ ಪೈಪಿಗೆ ತೂತು ಕೊರೆದು ನಟ್ ವೆಲ್ಡ್ ಮಾಡಿಸಬೇಕು. ವಿಂಡೋಸ್ ಲ್ಯಾಪ್‌ಟಾಪ್ ಹಳೆಯದಾದರೂ ನಡೆಯುತ್ತದೆ. ಬರೆಯುವ ಹೊತ್ತಿನಲ್ಲಿ ಗಾಡಿಗೆ ಹಾಕಲು ಒಂದು ಬ್ಯಾಟರಿ ಚಾರ್ಜರ್ ಬೇಕು. ನಡುವೆ ವೋಲ್ಟೇಜ್ ಬಿದ್ದರೆ ಕಂಪ್ಯೂಟರ್ ಇಟ್ಟಿಗೆ ಆಗುತ್ತದೆ, ಅಂದರೆ ಸತ್ತುಹೋಗುತ್ತದೆ.

ಕೊನೆಯದು ಕಾನೂನು. ಇದನ್ನು ಜನ ಸುಮ್ನೆ ದಾಟಿ ಹೋಗುತ್ತಾರೆ. ನಿಮ್ಮದೇ ಗಾಡಿಯ ಸಾಫ್ಟ್‌ವೇರ್ ಬಿಚ್ಚಿ ನೋಡುವುದು, ಕಾನೂನಿನೊಳಗೆ ತಿದ್ದುವುದು ಹಕ್ಕುಸ್ವಾಮ್ಯದ ಉಲ್ಲಂಘನೆ ಅಲ್ಲ ಅಂತ 2015ರಲ್ಲಿ ಅಮೆರಿಕ ವಿನಾಯಿತಿ ಕೊಟ್ಟಿತು. ಆದರೆ ಹೊಗೆ ನಿಯಂತ್ರಣದ ಭಾಗಗಳನ್ನು ಸಾಫ್ಟ್‌ವೇರ್‌ನಿಂದ ಆಫ್ ಮಾಡುವುದು ಕ್ಲೀನ್ ಏರ್ ಕಾಯ್ದೆಯಡಿ ತಪ್ಪು. ಮಿಶಿಗನ್‌ನಲ್ಲಿ ಹೊಗೆ ಪರೀಕ್ಷೆಯೇ ಇಲ್ಲ, ಹಾಗಂತ ಕಾಯ್ದೆ ಇಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2021ರ ಜುಲೈ 19ರಿಂದ ಸ್ಮಾಗ್ ಪರೀಕ್ಷೆಯಲ್ಲಿ ಕಂಪ್ಯೂಟರಿನ ಸಾಫ್ಟ್‌ವೇರನ್ನೇ ನೋಡುತ್ತಾರೆ. ಮೂಲದ್ದಲ್ಲದಿದ್ದರೆ, ರಾಜ್ಯದ ಒಪ್ಪಿಗೆಯೂ ಇಲ್ಲದಿದ್ದರೆ, ಫೇಲ್. ಊರಲ್ಲಿ ಕೂತು ಓದುವವರಿಗೂ ಒಂದು ಮಾತು: ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಗಳನ್ನು ಬದಲಿಸಲು ಬಿಡುವುದಿಲ್ಲ. ಕಲಿಯಿರಿ, ಆದರೆ ರಸ್ತೆಯ ಲಾರಿ ಮೇಲೆ ಬೇಡ.

ಕೈಗೆ ಸಿಗುವ ಡಬ್ಬಿ

ಪೋರ್ಟಿಗೆ ಚುಚ್ಚಿ, "87 ಆಕ್ಟೇನ್" ಅಥವಾ "91 ಆಕ್ಟೇನ್" ಅಂತ ಪೆಟ್ರೋಲಿನ ದರ್ಜೆ ಒತ್ತಿದರೆ ಮೊದಲೇ ತಯಾರಿಟ್ಟ ಟ್ಯೂನ್ ಬರೆಯುವ ಸಣ್ಣ ಉಪಕರಣಗಳು ಇವು. ಬೆಲೆ 400 ಡಾಲರ್ ಆಸುಪಾಸು. ಟೈರ್ ಸೈಜ್ ಬದಲಾಯಿಸಿದ್ದೀರಿ, ಸ್ಪೀಡೋಮೀಟರ್ ಸರಿಮಾಡಬೇಕು, ಅಷ್ಟೇ ಅನ್ನುವವರಿಗೆ ಸರಿ. ಕಲಿಯುವವರಿಗೆ ಅಲ್ಲ, ಒಳಗೆ ಏನಾಯಿತು ಅಂತ ಕಾಣುವುದೇ ಇಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಹಳೆ ಗಾಡಿಯಿಂದ ಬಿಡಿಸಿದ್ದಾರಾ ಕೇಳಿ. ಇವು ಒಂದು ಗಾಡಿಗೆ ಗಂಟು ಹಾಕಿಕೊಂಡರೆ ಇನ್ನೊಂದಕ್ಕೆ ಬರುವುದಿಲ್ಲ.

ಇಮೇಲ್ ಟ್ಯೂನ್, ಮತ್ತು ನನ್ನ ಎರಡು ವಾರ

ನಾನು ಶುರು ಮಾಡಿದ್ದು ಇಲ್ಲಿಂದ. ಮೂಲ ಫೈಲ್ ಓದಿ ಟ್ಯೂನ್ ಮಾಡುವವರಿಗೆ ಇಮೇಲ್ ಮಾಡಿದೆ, 300 ಡಾಲರ್ ಕೊಟ್ಟೆ, ತಿದ್ದಿದ ಫೈಲ್ ಬಂತು. ಆಕ್ಸಿಲರೇಟರ್ ಚುರುಕಾಯಿತು, ಗೇರ್ ಗಟ್ಟಿಯಾಗಿ ಬೀಳತೊಡಗಿತು. ಖುಷಿಯಾಯಿತು.

ಒಂದು ವರ್ಷದ ಮೇಲೆ ಸ್ವಂತವಾಗಿ ಕಲಿಯೋಣ ಅಂತ ಕೂತೆ. ಲಾಗ್ ತೆಗೆದರೆ ಕಂಪ್ಯೂಟರ್ ಕೋಷ್ಟಕದ ಲೆಕ್ಕಕ್ಕಿಂತ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇದೆ: ಎಂಜಿನ್ನಿನ ಬಲಗಡೆ ಶೇ. 14, ಎಡಗಡೆ ಶೇ. 2. ನಾನು ಜಾಣ! ಸರಾಸರಿ 8 ಅಂತ ಲೆಕ್ಕ ಹಾಕಿ, ಗಾಳಿಯ ಕೋಷ್ಟಕವನ್ನು (ಪೆಟ್ರೋಲಿನ ಲೆಕ್ಕ ಅದರಿಂದಲೇ) ಶೇ. 8 ಏರಿಸಿದೆ. ಮಾರನೆ ದಿನ ಬಲಗಡೆ ಪ್ಲಸ್ 6, ಎಡಗಡೆ ಮೈನಸ್ 6. ಕೋಷ್ಟಕ ಎರಡೂ ಕಡೆಗೆ ಒಂದೇ ತಾನೆ? ಒಂದು ಕಡೆ ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಡಿಸಿದ್ದೆ. ಹೀಗೇ ಎರಡು ವಾರ ಏರಿಸಿದೆ, ಇಳಿಸಿದೆ.

ಒಂದು ಬೆಳಗ್ಗೆ ಮೈನಸ್ 15 ಡಿಗ್ರಿ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬಲಗಡೆಯಿಂದ ಟಿಕ್ ಟಿಕ್ ಅಂತ ಸದ್ದು. ಬಿಸಿಯಾದ ಮೇಲೆ ನಿಂತುಹೋಯಿತು. ಬಗ್ಗಿ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿಂದ ಹೊಗೆ ಹೊರಗೆ ಒಯ್ಯುವ ಕೊಳವೆಯ) ಹಿಂದಿನ ಬೋಲ್ಟ್ ಮುರಿದಿದೆ. ಈ ಎಂಜಿನ್‌ಗೆ ಅದು ಮಾಮೂಲಿ ಕಾಯಿಲೆ, ಇಲ್ಲಿನ ರಸ್ತೆ ಉಪ್ಪು ಬೇರೆ. ಆ ಸಂದಿಯಿಂದ ಹೊರಗಿನ ಗಾಳಿ ನುಗ್ಗಿ, ಸೆನ್ಸರ್ "ಪೆಟ್ರೋಲ್ ಸಾಲದು" ಅಂತ ಸುಳ್ಳು ಹೇಳುತ್ತಿತ್ತು.

ಹಾಗಾದರೆ ಚೆಕ್ ಎಂಜಿನ್ ದೀಪ ಯಾಕೆ ಹೊತ್ತಿರಲಿಲ್ಲ? ಇಂಥದ್ದಕ್ಕೇ ಪಿ0174 ಅನ್ನುವ ದೋಷದ ಕೋಡ್ ಇದೆ. ಫೈಲ್ ಬಿಚ್ಚಿ ನೋಡಿದೆ. ಇಮೇಲ್ ಟ್ಯೂನ್ ಮಾಡಿದವರು ಆ ಕೋಡನ್ನೇ ಆಫ್ ಮಾಡಿ ಕಳಿಸಿದ್ದರು. ಕೇಳಿದರೆ, "ಕಸ್ಟಮರ್‌ಗೆ ಕಿರಿಕಿರಿ ಆಗಬಾರದು ಅಂತ" ಎಂದರು.

ಇಮೇಲ್ ಟ್ಯೂನ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಒಳ್ಳೆಯವರು ನಿಮ್ಮಿಂದ ಮೂರು ನಾಲ್ಕು ಸಲ ಲಾಗ್ ತರಿಸಿಕೊಂಡು ತಿದ್ದುತ್ತಾರೆ. ಕೇಳಬೇಕಾದ್ದು ಎರಡೇ: ಎಷ್ಟು ಸಲ ಲಾಗ್ ನೋಡುತ್ತೀರಿ? ಯಾವ ಕೋಡ್‌ಗಳನ್ನು ಮುಟ್ಟುತ್ತೀರಿ? ಇನ್ನೊಂದು ಸಂಗತಿ, ಕೆಲವರು ಫೈಲಿಗೆ ಬೀಗ ಹಾಕಿ ಕಳಿಸುತ್ತಾರೆ. ನೀವು ಅದನ್ನು ನೋಡಿ ಕಲಿಯಲು ಆಗುವುದಿಲ್ಲ.

ಡೈನೋ (ಗಾಡಿಯ ಬಲ ಅಳೆಯುವ ಯಂತ್ರ) ಇಟ್ಟುಕೊಂಡಿರುವ ಹತ್ತಿರದ ಅಂಗಡಿ ಇದಕ್ಕಿಂತ ವಾಸಿ, ಕಣ್ಣೆದುರೇ ಕೆಲಸ ಆಗುತ್ತದೆ. ಕ್ಯಾಮ್‌ಶಾಫ್ಟ್ ಬದಲಾಯಿಸಿದ್ದೀರಿ, ಟರ್ಬೊ ಕೂರಿಸಿದ್ದೀರಿ ಅಂದರೆ ಮೊದಲ ಸಲ ಅಲ್ಲಿಗೇ ಹೋಗಿ. 500 ಡಾಲರಿನಿಂದ ಮೇಲಕ್ಕೆ ಆಗುತ್ತದೆ. ಎಂಜಿನ್ ಹೋದರೆ ಅದಕ್ಕಿಂತ ಜಾಸ್ತಿ.

ಎಚ್‌ಪಿ ಟ್ಯೂನರ್ಸ್

ಜಿಎಂ ಪೆಟ್ರೋಲ್ ಗಾಡಿ ಇಟ್ಟುಕೊಂಡು ಕಲಿಯುವವರಲ್ಲಿ ಬಹಳ ಜನ ಬಂದು ಸೇರುವುದು ಈ ಕಂಪನಿಯ ಸಾಫ್ಟ್‌ವೇರಿಗೆ. ತಂತಿ, ಡಬ್ಬಿ ಸೇರಿ ಸುಮಾರು 400 ಡಾಲರ್. ಮೇಲೆ "ಕ್ರೆಡಿಟ್" ಅಂತ ಇದೆ, ಒಂದಕ್ಕೆ 50 ಡಾಲರ್ ಹತ್ತಿರ. ನನ್ನ ಗಾಡಿಯಂಥದ್ದಕ್ಕೆ ಎರಡು ಸಾಕು. ಹೊಸ ಗಾಡಿಗಳು ಇನ್ನೂ ಹೆಚ್ಚು ತಿನ್ನುತ್ತವೆ. ಒಮ್ಮೆ ಕ್ರೆಡಿಟ್ ಹಾಕಿದರೆ ಆ ಗಾಡಿಗೆ ಎಷ್ಟು ಸಲ ಬೇಕಾದರೂ ಬರೆಯಬಹುದು. ಗಾಡಿ ಮಾರಿದರೆ ಕ್ರೆಡಿಟ್ ಜೊತೆಗೆ ಬರುವುದಿಲ್ಲ.

ಇದರ ಶಕ್ತಿ ಲಾಗ್‌ನಲ್ಲಿದೆ. ಓಡಿಸಿದ ದಾರಿಯ ಲೆಕ್ಕವನ್ನೆಲ್ಲ ಕೋಷ್ಟಕದ ಅದೇ ಚೌಕಗಳ ಆಕಾರದಲ್ಲಿ ಕೂರಿಸಿ ತೋರಿಸುತ್ತದೆ. ಈ ಆರ್‌ಪಿಎಂನಲ್ಲಿ, ಈ ಭಾರದಲ್ಲಿ ಶೇ. 4 ಕಡಿಮೆ ಅಂತ ಚೌಕ ಚೌಕವಾಗಿ ಕಾಣುತ್ತದೆ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಕೋಷ್ಟಕ ತಾನೇ ತಿದ್ದಿಕೊಳ್ಳುತ್ತದೆ. ಅಪಾಯವೂ ಅಲ್ಲೇ ಇದೆ. ನಾನು ಆ ಎರಡು ವಾರ ಮಾಡಿದ್ದು ಇದೇ ಕಾಪಿ ಪೇಸ್ಟ್. ವೈಡ್‌ಬ್ಯಾಂಡನ್ನು ಇದರ ಜೊತೆ ಜೋಡಿಸಲು ಬೇರೆ ಕೇಬಲ್ ಬೇಕಾಗಬಹುದು, ಕೊಳ್ಳುವಾಗಲೇ ಕೇಳಿಕೊಳ್ಳಿ.

ಇನ್ನೊಂದು ಲಾಭ: ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಲು ದುಡ್ಡಿಲ್ಲ. ಡಬ್ಬಿ ಕೊಳ್ಳದೆಯೇ ಬೇರೆಯವರ ಮೂಲ ಫೈಲ್ ತೆರೆದು ಒಂದು ತಿಂಗಳು ಓದಬಹುದು. ಆ ಒಂದು ತಿಂಗಳಲ್ಲೇ ಇದು ನಿಮಗೆ ಇಷ್ಟವಾಗುತ್ತದಾ ಇಲ್ಲವಾ ಗೊತ್ತಾಗಿಬಿಡುತ್ತದೆ.

ಪುಕ್ಕಟೆ ದಾರಿ

ಪಿ01, ಪಿ59 ಇರುವವರಿಗೆ ಪಿಸಿಎಂ ಹ್ಯಾಮರ್ ಅನ್ನುವ ತೆರೆದ ಸಾಫ್ಟ್‌ವೇರ್ ಇದೆ. ಓದಲು ಬರೆಯಲು ಅದು, ಕೋಷ್ಟಕ ತಿದ್ದಲು ಟ್ಯೂನರ್‌ಪ್ರೊ. ಎರಡಕ್ಕೂ ಕಾಸು ಕೊಡಬೇಕಿಲ್ಲ. ನಡುವೆ ಒಂದು ಒಳ್ಳೆಯ ಓಬಿಡಿ ಅಡಾಪ್ಟರ್ ಬೇಕು, ನೂರು ಡಾಲರ್ ಆಸುಪಾಸು. 15 ಡಾಲರಿನ ನೀಲಿ ಡಬ್ಬಿ ಕೋಡ್ ಓದಲು ಸರಿ, ಇದಕ್ಕೆ ತರಬೇಡಿ.

ಹಾಗಾದರೆ 500 ಡಾಲರ್ ಯಾಕೆ ಕೊಡಬೇಕು, ಅಲ್ವಾ? ಟ್ಯೂನರ್‌ಪ್ರೊಗೆ ನಿಮ್ಮ ಫೈಲಿನ ಒಳಗೆ ಯಾವ ಕೋಷ್ಟಕ ಎಲ್ಲಿದೆ ಅಂತ ಹೇಳುವ ನಕ್ಷೆ ಬೇಕು. ನಿಮ್ಮ ಕಂಪ್ಯೂಟರಿನ ಆವೃತ್ತಿಗೆ ಸರಿಯಾದ ನಕ್ಷೆ ಹುಡುಕಬೇಕು, ಸಿಕ್ಕರೂ ಅರ್ಧ ಇರಬಹುದು. ನಕ್ಷೆ ತಪ್ಪಿದ್ದರೆ ನೀವು ಸ್ಪಾರ್ಕ್ ಅಂದುಕೊಂಡು ಇನ್ನೇನನ್ನೋ ತಿದ್ದುತ್ತೀರಿ. ಲಾಗ್ ತೆಗೆಯಬಹುದು, ಆದರೆ ಅದನ್ನು ಕೋಷ್ಟಕಕ್ಕೆ ಹೊಂದಿಸುವ ಕೆಲಸ ನಿಮ್ಮದು, ಸ್ಪ್ರೆಡ್‌ಶೀಟಿನಲ್ಲಿ. ಸಾಫ್ಟ್‌ವೇರ್ ಕೆಲಸದವರಿಗೆ ಇದು ಹಬ್ಬ. ಫೈಲಿನ ಹೆಕ್ಸ್ ಅಂಕಿಗಳನ್ನು ನೋಡಿದರೆ ತಲೆ ತಿರುಗುವವರಿಗೆ ಶಿಕ್ಷೆ. ಉಳಿಸಿದ 400 ಡಾಲರಿಗೆ ಬದಲು ಹತ್ತಾರು ರಾತ್ರಿ ಕೊಡಬೇಕು. ಕಲಿಕೆ ಮಾತ್ರ ಇಲ್ಲೇ ಜಾಸ್ತಿ ಅಂತ ಒಪ್ಪುತ್ತೇನೆ.

1990ರ ಸುಮಾರಿನ ಹಳೆ ಜಿಎಂ ಟ್ರಕ್ಕಿಗೂ ಟ್ಯೂನರ್‌ಪ್ರೊ ನಡೆಯುತ್ತದೆ, ಆದರೆ ಅಲ್ಲಿ ಚಿಪ್ ತೆಗೆದು ಬರೆಯಬೇಕು. ಇನ್ನೂ ಹಿಂದಿನ ಕಾರ್ಬ್ಯುರೇಟರ್ ಗಾಡಿಗೆ ಇಂಜೆಕ್ಷನ್ ಕೂರಿಸುವ ಹುಚ್ಚಿದ್ದರೆ ಮೆಗಾಸ್ಕ್ವರ್ಟ್ ಅಥವಾ ಸ್ಪೀಡುಯಿನೊ ಅನ್ನುವ ಬೇರೆ ಎಂಜಿನ್ ಕಂಪ್ಯೂಟರುಗಳಿವೆ. ಅದು ಟ್ಯೂನಿಂಗ್‌ಗಿಂತ ವೈರಿಂಗ್ ಕೆಲಸವೇ ಹೆಚ್ಚು.

ಡೀಸೆಲ್ ಆದರೆ

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ಗೆ ಬರೀ ಸಾಫ್ಟ್‌ವೇರ್‌ನಿಂದ ಸಿಗುವ ಬಲ ಸ್ವಲ್ಪವೇ. ಟರ್ಬೊ ಡೀಸೆಲ್ ಹಾಗಲ್ಲ, ಅಂಕಿ ಏರಿಸಿದರೆ ನಿಜಕ್ಕೂ ಏರುತ್ತದೆ. ಆದ್ದರಿಂದಲೇ ಬೇಗ ಮುರಿಯುವುದೂ ಅದೇ. ಷಡ್ಡಕನ 2006ರ ಎಂಜಿನ್ ಕಂಪನಿಯಿಂದಲೇ 360 ಕುದುರೆ ಬಲದ್ದು. ತುಂಬಾ ಏರಿಸಿದರೆ ಪಿಸ್ಟನ್ ಸೀಳುತ್ತದೆ ಅಂತ ಆ ಮಾದರಿಗೆ ಹೆಸರೇ ಇದೆ. ಅದಕ್ಕೂ ಮುಂಚೆ ಗೇರ್‌ಬಾಕ್ಸ್ ಜಾರತೊಡಗುತ್ತದೆ.

ಇಂಥ ಡ್ಯುರಾಮ್ಯಾಕ್ಸ್‌ಗಳಿಗೆ ನ್ಯೂಜಿಲೆಂಡ್‌ನ ಇಎಫ್‌ಐ ಲೈವ್ ಅನ್ನುವ ಸಾಫ್ಟ್‌ವೇರ್ ಹಳೆಯ ನೆಂಟ. ಆ ಕಾಲದ ಎಂಜಿನ್‌ಗಳಲ್ಲಿ ಐದು ಟ್ಯೂನ್ ಒಟ್ಟಿಗೆ ಇಟ್ಟು, ಓಡಿಸುವಾಗಲೇ ಸ್ವಿಚ್ ತಿರುಗಿಸಿ ಬದಲಾಯಿಸಬಹುದು. ಟ್ರೇಲರ್ ಇದ್ದ ದಿನ ಮೆತ್ತಗಿನದು, ಖಾಲಿ ಇದ್ದ ದಿನ ಚುರುಕಾದದ್ದು. ಎಚ್‌ಪಿ ಟ್ಯೂನರ್ಸ್‌ಗಿಂತ ನೋಡಲು ಒರಟು, ಕಲಿಯಲು ನಿಧಾನ. ಷಡ್ಡಕನಿಗೆ ನಾನು ಹೇಳಿದ್ದು ಇಷ್ಟು: ನಿನಗೆ ಬೇಕಿರುವುದು ದೋಣಿ ಎಳೆಯುವ ಟ್ರಕ್, ಕಲಿಕೆ ಅಲ್ಲ. ಡೀಸೆಲ್ ಬಲ್ಲ ಅಂಗಡಿಯಲ್ಲಿ ಟೋಯಿಂಗ್ ಟ್ಯೂನ್ ಒಂದನ್ನು ಮಾಡಿಸು. ಅದಕ್ಕೂ ಮೊದಲು ಎಕ್ಸಾಸ್ಟ್ ಬಿಸಿ ತೋರಿಸುವ ಮೀಟರ್ ಹಾಕಿಸು. ಏರಿನಲ್ಲಿ ಮುಳ್ಳು 1,300 ಫ್ಯಾರನ್‌ಹೀಟ್ ದಾಟಿ ಅಲ್ಲೇ ನಿಂತರೆ ಕಾಲು ತೆಗೆ.

"ಹೊಗೆ ಭಾಗಗಳನ್ನು ಕಿತ್ತು ಹಾಕೋಣ, ಟೆಕ್ಸಸ್‌ನಲ್ಲಿ ಡೀಸೆಲ್‌ಗೆ ಪರೀಕ್ಷೆ ಇಲ್ಲ" ಅಂತಲೂ ಅವನ ವರಸೆ ಇತ್ತು. ಹಾಗೆ ಕಿತ್ತ ಡೀಸೆಲ್ ಪಿಕಪ್‌ಗಳು ಹತ್ತು ವರ್ಷದಲ್ಲಿ 5,50,000ಕ್ಕೂ ಹೆಚ್ಚು ಅಂತ ಪರಿಸರ ಸಂಸ್ಥೆ ಇಪಿಎ 2020ರಲ್ಲಿ ಲೆಕ್ಕ ಕೊಟ್ಟಿತು. ಆಮೇಲೆ ಅಂಗಡಿಗಳ ಮೇಲೆ ಬಿದ್ದ ದಂಡಗಳು ಸಣ್ಣವಲ್ಲ. ಮಾವನ ಲಾರಿಯ ಹೊಗೆ ನೆನಪಿದ್ದವನು ನಾನು, ಇದಕ್ಕೆ ಮಾತ್ರ ಕೈ ಹಾಕುವುದಿಲ್ಲ ಅಂದೆ.

ಯಾರಿಗೆ ಯಾವುದು

ಕ್ಯಾಲಿಫೋರ್ನಿಯಾದ ಹುಡುಗನಿಗೆ ಸದ್ಯಕ್ಕೆ ಡಬ್ಬಿ ಬೇಡ. ಮನೆಯ ಗಾಡಿ ಸ್ಮಾಗ್ ಪರೀಕ್ಷೆಯಲ್ಲಿ ನಿಂತರೆ ಅಪ್ಪನ ಕೋಪ ತಡೆಯೋರು ಯಾರು? ಲಾಗ್ ಓದುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಒಂದು ಒಳ್ಳೆಯ ಅಡಾಪ್ಟರ್, ಒಂದು ಫೋನ್ ಆ್ಯಪ್, ಎಚ್‌ಪಿ ಟ್ಯೂನರ್ಸ್‌ನ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಬೇರೆಯವರ ಫೈಲ್. ಹೆಚ್ಚು ಬೇಕೆಂದರೆ ನ್ಯೂಜಿಲೆಂಡ್‌ನ ಹೈ ಪರ್ಫಾರ್ಮೆನ್ಸ್ ಅಕಾಡೆಮಿಯಂಥ ಕಡೆ ಆನ್‌ಲೈನ್ ಕೋರ್ಸ್ ಇವೆ. ಒಂದು ಬೇಸಿಗೆ ಕಳೆದ ಮೇಲೂ ಹುಚ್ಚು ಉಳಿದಿದ್ದರೆ ಆಗ ನೋಡೋಣ ಅಂತ ಹಿರಿಯರಿಗೆ ಹೇಳಿದೆ.

ಗ್ರ್ಯಾಂಡ್ ರಾಪಿಡ್ಸ್‌ನ ಗೆಳೆಯನದ್ದು ಪಿ59. ಕೋಡ್ ಬರೆಯುವುದೇ ಅವನ ಕಸುಬು, ಆದರೂ ಅವನಿಗೆ ಪುಕ್ಕಟೆ ದಾರಿ ಹೇಳಲಿಲ್ಲ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು, ರಾತ್ರಿಗಳು ಅವನ ಕೈಯಲ್ಲಿಲ್ಲ. ಎಚ್‌ಪಿ ಟ್ಯೂನರ್ಸ್ ತಗೋ ಅಂದೆ. ನೀವು ಒಂಟಿಯಾಗಿದ್ದು, ಇದೇ ಕೆಲಸ ಬಲ್ಲವರಾಗಿದ್ದು, ಗಾಡಿ ಇದೇ ಕಾಲದ್ದಾಗಿದ್ದರೆ ಪಿಸಿಎಂ ಹ್ಯಾಮರ್ ಹಿಡಿಯಿರಿ. ಉಳಿದ ದುಡ್ಡಲ್ಲಿ ವೈಡ್‌ಬ್ಯಾಂಡ್ ಕೊಳ್ಳಿ. ಬಜೆಟ್ 300 ಡಾಲರಿಗಿಂತ ಕಡಿಮೆ ಇದ್ದರೆ ಟ್ಯೂನಿಂಗ್ ಬಿಡಿ. ಸ್ಪಾರ್ಕ್ ಪ್ಲಗ್, ಸೆನ್ಸರ್, ಮುರಿದ ಬೋಲ್ಟ್ ಸರಿಮಾಡಿಸಿ. ಗಾಡಿಗೆ ಇನ್ನೂ ವಾರಂಟಿ ಇದ್ದರೆ ಕಾಯಿರಿ. ತಿದ್ದಿದ್ದು ಡೀಲರಿಗೆ ಗೊತ್ತಾಗುತ್ತದೆ.

ಹೋದ ಶನಿವಾರ ಗೆಳೆಯನ ಗ್ಯಾರೇಜಿನಲ್ಲಿ ಮೊದಲ ಸಲ ಬರೆದೆವು. ಚಾರ್ಜರ್ ಹಾಕಿದೆವು. ಲ್ಯಾಪ್‌ಟಾಪ್ ನಿದ್ದೆ ಹೋಗದ ಹಾಗೆ ಮಾಡಿದೆವು. ಮೂಲ ಫೈಲನ್ನು ಮೂರು ಕಡೆ ಕಾಪಿ ಇಟ್ಟೆವು. ಅವನು ನೇರ ಸ್ಪಾರ್ಕ್ ಕೋಷ್ಟಕಕ್ಕೆ ಕೈ ಹಾಕಿದ. ತಡಿ, ಮೊದಲು ಟೈರ್ ಸೈಜ್ ಒಂದನ್ನೇ ಬದಲಾಯಿಸು ಅಂದೆ. ಅವನ ಟೈರ್ ಮೂಲದ್ದಕ್ಕಿಂತ ದೊಡ್ಡದು, ಮೀಟರ್ ಇಷ್ಟು ದಿನ ಕಡಿಮೆ ತೋರಿಸುತ್ತಿತ್ತು. ಕೆಲವು ನಿಮಿಷ ಇಬ್ಬರೂ ಉಸಿರು ಬಿಗಿಹಿಡಿದು ಪರದೆ ನೋಡಿದೆವು. ಕೀ ತಿರುಗಿಸಿದ, ಸ್ಟಾರ್ಟ್ ಆಯಿತು. ಹೈವೇಗೆ ಹೋಗಿ ಫೋನಿನ ಜಿಪಿಎಸ್ ಪಕ್ಕದಲ್ಲಿಟ್ಟು ನೋಡಿದೆವು. ಅದರಲ್ಲಿ 60, ಮೀಟರಿನಲ್ಲೂ 60.

"ಇಷ್ಟೇನಾ?" ಅಂದ.

ಇವತ್ತಿಗೆ ಇಷ್ಟೇ, ಇನ್ನು ಒಂದು ವಾರ ಏನೂ ಮುಟ್ಟದೆ ಲಾಗ್ ತೆಗಿ ಅಂದೆ.